ಬಂದವರಿಗೆ ಬೇರೆ ಪಾಸ್‌ವರ್ಡು

ನಮ್ಮ ಮನೆಯ ವೈಫೈ ಪಾಸ್‌ವರ್ಡು ಅಮ್ಮನ ಮೊಬೈಲ್ ನಂಬರಾಗಿತ್ತು. ಅದನ್ನು ಇಟ್ಟದ್ದು ನಾನಲ್ಲ, ಅಮ್ಮನೂ ಅಲ್ಲ, ನಮ್ಮ ಏರಿಯಾದ ಕೇಬಲ್‌ನವನು. ಪುಲಿಕೇಶಿನಗರದ ನಮ್ಮ ಬೀದಿಯಲ್ಲಿ ಅವನು ಎಳೆದ ಪ್ರತಿ ಇಂಟರ್‌ನೆಟ್ ಲೈನಿಗೂ ಅದೇ ಪದ್ಧತಿ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಫೋನ್ ನಂಬರೇ ಪಾಸ್‌ವರ್ಡು, ಅವರ ಡೋರ್ ನಂಬರೇ ವೈಫೈ ಹೆಸರು. ಅಂದರೆ ಗೇಟಿನ ಮುಂದೆ ನಿಂತವರಿಗೆ ಹೆಸರು ಗೊತ್ತಾಗುತ್ತದೆ, ಆ ಮನೆಯವರಿಗೆ ಒಂದು ಸಲ ಫೋನ್ ಮಾಡಿದವರಿಗೆ ಪಾಸ್‌ವರ್ಡೂ ಗೊತ್ತಿರುತ್ತದೆ. ಇದನ್ನು ಪಾಸ್‌ವರ್ಡು ಎಂದು ಯಾವ ಬಾಯಲ್ಲಿ ಕರೆಯುತ್ತೀಯಪ್ಪ ಎಂದು ಅವನನ್ನೇ ಕೇಳಿದ್ದೆ.

"ಮರೆಯಲ್ವಲ್ಲ ಮೇಡಂ, ಅದಕ್ಕೇ," ಎಂದ. "ಬೇರೆ ಏನಾದ್ರೂ ಇಟ್ರೆ ನಾಳೆ ಮರ್ತೋಯ್ತು ಅಂತ ನನಗೇ ಫೋನ್ ಮಾಡ್ತೀರ."

ಅಮ್ಮನ ನಂಬರು ಬೀದಿಯಲ್ಲಿ ಯಾರ ಹತ್ತಿರ ಇದೆ ಎಂದು ಕೇಳಬಾರದು, ಯಾರ ಹತ್ತಿರ ಇಲ್ಲ ಎಂದು ಕೇಳಬೇಕು. ಕಾವೇರಿ ನೀರು ಬಂತಾ, ಗ್ಯಾಸಿನ ಗಾಡಿ ಹೋಯ್ತಾ, ಕರೆಂಟು ನಮ್ಮ ಮನೆಯಲ್ಲಿ ಮಾತ್ರ ಹೋಗಿದೆಯಾ, ಎಲ್ಲದಕ್ಕೂ ಅಮ್ಮನಿಗೇ ಫೋನು.

ನಾನು ಮತ್ತು ಅಮ್ಮ ಇದ್ದದ್ದು ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಕೆಳಗೆ ಮನೆಯ ಒಡತಿ. ಅಮ್ಮನ ವಯಸ್ಸಿನವರು, ಇಡೀ ಬೀದಿಗೆ ಆಪಾ, ಅಂದರೆ ಅಕ್ಕ, ನಮಗೂ ಆಪಾ. ಅವರ ಮಗನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ. ಹಿತ್ತಲಿನ ಒಂಟಿ ಕೋಣೆಯಲ್ಲಿ ಕಲಬುರಗಿ ಕಡೆಯ ಗಂಡ ಹೆಂಡತಿ. ಗೇಟಿನ ಪಕ್ಕ ಇಸ್ತ್ರಿ ಗಾಡಿ, ಅದರ ಹಿಂದೆ ಇಸ್ತ್ರಿಯವರು. ಮನೆ ಬ್ರಿಟಿಷರ ಕಾಲದ್ದು. ಗೋಡೆ ಎಷ್ಟು ದಪ್ಪವೆಂದರೆ ಮೊಬೈಲ್ ಸಿಗ್ನಲ್ಲು ಕಿಟಕಿಯ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ನಮ್ಮ ವೈಫೈ ಡಬ್ಬಿಯನ್ನು ಕೇಬಲ್‌ನವನು ಮೆಟ್ಟಿಲ ಬಾಗಿಲ ಮೇಲೆ ಬಡಿದಿದ್ದರಿಂದ ಅದು ಮಾತ್ರ ಕೆಳಗಿನ ಹಜಾರಕ್ಕೂ ಹಿತ್ತಲಿಗೂ ಧಾರಾಳವಾಗಿ ಇಳಿಯುತ್ತಿತ್ತು. ನೆಟ್ ಬೇಕಾದವರಿಗೆಲ್ಲ ಅದೇ ಗತಿ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ಆಮೇಲೆ ನನ್ನ ಸೊಂಟ ಕೈಕೊಟ್ಟಿತು.

ನಾನು ಕೆಲಸ ಮಾಡುವುದು ಆಸ್ಪತ್ರೆ ವಿಮೆಯ ಕ್ಲೈಮುಗಳನ್ನು ಪರಿಶೀಲಿಸುವ ಒಂದು ಕಂಪನಿಯಲ್ಲಿ. ಯಾರಿಗೆ ಯಾವ ಕಾಯಿಲೆ, ಯಾವ ಆಪರೇಷನ್ನು, ಎಷ್ಟು ದಿನ ಮಲಗಿದ್ದರು, ಎಲ್ಲ ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. ಆಫೀಸು ಕೆ.ಆರ್. ಪುರದ ಆಚೆ. ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಹಲಸೂರಿನ ತನಕ ಆಟೋದಲ್ಲಿ ಕುಲುಕಾಡಿ, ಮೆಟ್ರೋದಲ್ಲಿ ಕಂಬ ಹಿಡಿದು ನಿಂತು, ಅಲ್ಲಿಂದ ಮತ್ತೆ ಬಸ್ಸು ಹತ್ತುವುದು ನನ್ನಿಂದ ಸಾಧ್ಯವಿರಲಿಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟರು, ಕಂಪನಿಯವರು ಮನೆಯಿಂದ ಕೆಲಸ ಮಾಡಲು ಒಪ್ಪಿದರು. ಮನೆಯ ನೆಟ್‌ವರ್ಕು ಭದ್ರವಾಗಿರಬೇಕು ಎಂಬ ಷರತ್ತಿತ್ತು. ಓದದೆ ಸಹಿ ಮಾಡಿದೆ. ಆ ಅನುಮತಿ ಹೋದರೆ ಕೆಲಸ ಬಿಡುವುದೊಂದೇ ದಾರಿ, ಕೆಲಸ ಬಿಟ್ಟರೆ ಈ ಮನೆಯೂ ಇಲ್ಲ.

ಒಂದು ಬೆಳಿಗ್ಗೆ ಆಫೀಸಿನ ಭದ್ರತಾ ವಿಭಾಗದಿಂದ ಫೋನು ಬಂತು. ಬಹಳ ವಿನಯದ ದನಿ.

"ಮೇಡಂ, ನಿಮ್ಮ ವೈಫೈಲಿರೋ ಬೇರೆ ಒಂದು ಫೋನು ನಮ್ಮ ಲ್ಯಾಪ್‌ಟಾಪಿಗೆ ನುಗ್ಗೋಕೆ ಟ್ರೈ ಮಾಡ್ತಾ ಇದೆ. ಪದೇ ಪದೇ. ಯಾವುದೋ ಕಳ್ಳ ಆ್ಯಪ್ ಸೇರ್ಕೊಂಡಿರ್ಬೇಕು ಆ ಫೋನಲ್ಲಿ. ಮನೇಲಿ ಎಷ್ಟು ಜನ ಇದೀರ?"

"ಇಬ್ಬರು."

"ಇಬ್ಬರೇನಾ?" ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಅವರು ಡಬ್ಬಿಯ ಒಳಗಿನ ಪುಟವನ್ನು ಹೇಗೆ ತೆರೆಯಬೇಕು ಎಂದು ಹೇಳಿಕೊಟ್ಟರು. ಅದನ್ನು ತೆರೆಯಲೂ ಒಂದು ಪಾಸ್‌ವರ್ಡಿದೆ, ಫ್ಯಾಕ್ಟರಿಯಿಂದ ಬಂದದ್ದು, ಲೋಕಕ್ಕೆಲ್ಲ ಗೊತ್ತಿರುವಂಥದ್ದು. ಕೇಬಲ್‌ನವನು ಅದನ್ನೂ ಮುಟ್ಟಿರಲಿಲ್ಲ. ಪುಟ ತೆರೆದು ನೋಡಿದರೆ ನಮ್ಮ ಮನೆಯ ವೈಫೈಯಲ್ಲಿ ಒಂದು ಮದುವೆಯ ದಿಬ್ಬಣವೇ ಕೂತಿತ್ತು. ಫೋನುಗಳು, ಎರಡು ಟೀವಿ, ಯಾರದೋ ಗಡಿಯಾರ ಬೇರೆ.

"ಮುಂದಿನ ತಿಂಗಳು ಮತ್ತೆ ಚೆಕ್ ಮಾಡ್ತೀವಿ ಮೇಡಂ. ಆಗ್ಲೂ ಹೀಗೇ ಇದ್ರೆ ನೀವು ಆಫೀಸಿಗೇ ಬರ್ಬೇಕಾಗುತ್ತೆ. ರೂಲ್ಸು."

ನಾನು ಅವತ್ತೇ ಪಾಸ್‌ವರ್ಡು ಬದಲಾಯಿಸಿದೆ. ಅಮ್ಮನ ಫೋನಿಗೂ ಹಾಕಿಕೊಟ್ಟು, ಯಾರಿಗೂ ಕೊಡಬೇಡ, ನನ್ನ ಕೆಲಸದ ಪ್ರಶ್ನೆ ಎಂದು ಬಿಡಿಸಿ ಹೇಳಿದೆ. ಅಮ್ಮ ತಲೆಯಾಡಿಸಿದಳು. ಹತ್ತು ನಿಮಿಷಕ್ಕೆ ಹಿತ್ತಲಿನ ಕೋಣೆಯ ಹೆಂಗಸಿನ ಕೂಗು ಬಂತು.

"ಅಮ್ಮಾರ, ನೆಟ್ ಹೋಗ್ಯಾದ್ರಿ! ಹೊಸಾದು ಏನದ ಹೇಳ್ರಿ!"

ಅಮ್ಮ ಬಾಲ್ಕನಿಗೆ ಹೋಗಿ ಹೇಳಿದಳು. ಒಂದೊಂದೇ ಅಕ್ಷರ, ಸ್ಪಷ್ಟವಾಗಿ, ಗೇಟಿನ ಪಕ್ಕದ ಇಸ್ತ್ರಿಯವರಿಗೂ ಕೇಳಿಸುವ ಹಾಗೆ. ನಾನು ಒಳಗೆ ಹಣೆ ಚಚ್ಚಿಕೊಂಡೆ.

"ಬೇಡ ಅಂದ್ನಲ್ಲಮ್ಮ!"

"ಯಾರಿಗೂ ಕೊಡ್ಬೇಡ ಅಂದೆ. ಅವಳು ಯಾರೋನಾ? ಊರಲ್ಲಿರೋ ಅವಳಮ್ಮನ ಮುಖ ನೋಡೋಕೆ ಅವಳಿಗಿರೋದು ಅದೊಂದೇ ದಾರಿ."

ಹೋಗಲಿ, ಅಮ್ಮನ ಬಾಯಿಗೆ ನಿಲುಕದ ಪಾಸ್‌ವರ್ಡು ಇಡೋಣವೆಂದು ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚುಕ್ಕೆ, ನಕ್ಷತ್ರ ಎಲ್ಲ ಕಲಸಿ ಮಾರುದ್ದ ಬರೆದೆ. ಅದನ್ನು ನಾನೇ ನೋಡಿಕೊಂಡು ಅಮ್ಮನ ಫೋನಿಗೆ ಹಾಕುವಾಗ ಮೂರು ಸಲ ತಪ್ಪಿದೆ. ಎರಡು ದಿನ ಮನೆ ಶಾಂತವಾಗಿತ್ತು. ನನಗೆ ಎಷ್ಟು ಜಂಬವೆಂದರೆ ಆ ಎರಡು ದಿನ ಸೊಂಟದ ನೋವೂ ಕಡಿಮೆಯಾದ ಹಾಗಿತ್ತು. ಮೂರನೆಯ ದಿನ ಕೆಳಗಿಳಿದರೆ, ಆಪಾ ಅವರ ಹಜಾರದಲ್ಲಿ ಅಮ್ಮ ತನ್ನ ಫೋನನ್ನು ಎತ್ತಿ ಹಿಡಿದು ಕೂತಿದ್ದಾಳೆ, ಅದರ ತುಂಬ ಕ್ಯೂಆರ್ ಕೋಡಿನ ಕಪ್ಪುಬಿಳುಪು ಚೌಕ, ಎದುರಿಗೆ ಇಸ್ತ್ರಿಯವರು ತಮ್ಮ ಫೋನಿನಿಂದ ಅದರ ಫೋಟೋ ಹಿಡಿಯುತ್ತಿದ್ದಾರೆ. ಪಾಸ್‌ವರ್ಡು ಹೇಳಲು ಬಾರದವರಿಗೂ ಹಂಚಲು ಬರಲಿ ಎಂದು ಫೋನಿನವರು ಆ ಚೌಕ ಮಾಡಿಟ್ಟಿದ್ದರು. ಅಮ್ಮನಿಗೆ ಅದನ್ನು ಕಲಿಸಿದ್ದು ಆಪಾ.

"ಎಷ್ಟು ಸುಲಭ ನೋಡು," ಎಂದಳು ಅಮ್ಮ ನನಗೆ. "ನೀನು ಸುಮ್ನೆ ಅಷ್ಟುದ್ದ ಬರೆದೆ."

ಆಮೇಲೆ ಒಂದೊಂದೇ ಫೋನನ್ನು ಹುಡುಕಿ ತಡೆಹಿಡಿಯಲು ಹೊರಟೆ. ಆದರೆ ಈಗಿನ ಫೋನುಗಳು ತಮ್ಮ ಗುರುತನ್ನೇ ಬದಲಾಯಿಸಿಕೊಳ್ಳುತ್ತವಂತೆ. ಇವತ್ತು ಹೊರಗೆ ದಬ್ಬಿದ ಫೋನು ನಾಳೆ ಬೇರೆ ಗುರುತಿನಲ್ಲಿ ಒಳಗೆ ಕೂತಿರುತ್ತಿತ್ತು. ವೈಫೈ ಹೆಸರನ್ನೇ ಅಡಗಿಸಿಟ್ಟೆ. ಅಮ್ಮನ ಧಾರಾವಾಹಿ ನಿಂತುಹೋಯಿತು, ಅವಳು ಕೇಬಲ್‌ನವನಿಗೆ ಫೋನ್ ಮಾಡಿದಳು. ಅವನು ಬಂದವನೇ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಎಲ್ಲವನ್ನೂ ಅಳಿಸಿ, ಮತ್ತೆ ಅಮ್ಮನ ಮೊಬೈಲ್ ನಂಬರು ಇಟ್ಟುಹೋದ. ನಾನು ಆಗ ಆಫೀಸಿನ ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ನೋಡಿದರೆ ಟೀ ಕುಡಿದು ಲೋಟ ಇಟ್ಟು ಹೋಗಿದ್ದ.

ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

"ನೀವು ಅಷ್ಟು ಟೆನ್ಷನ್ ಮಾಡ್ಕೋಬೇಡಿ ಮೇಡಂ. ನಿಮಗೆ ಸಪರೇಟ್ ಬೇಕಾದ್ರೆ ಇನ್ನೊಂದು ಲೈನ್ ತಗೊಳ್ಳಿ."

"ಹಾಕು ಹಾಗಾದ್ರೆ."

"ಈಗ ಆಗಲ್ಲ ಮೇಡಂ. ಕಂಬದ ಮೇಲೆ ಜಾಗ ಇಲ್ಲ."

ಇಂಥವನ ಜೊತೆ ಮಾತಾಡಿ ಏನು ಪ್ರಯೋಜನ. ಮತ್ತೆ ಆಫೀಸಿನ ಆ ವಿನಯದ ದನಿಗೇ ಶರಣು ಹೋದೆ. ಅವರು ಒಂದು ದಾರಿ ಹೇಳಿದರು. ಒಂದೇ ಡಬ್ಬಿಯಲ್ಲಿ ಎರಡು ವೈಫೈ ಮಾಡಬಹುದು. ಒಂದು ಮನೆಯವರಿಗೆ, ಇನ್ನೊಂದು ಬಂದವರಿಗೆ, ಗೆಸ್ಟ್ ಎಂದು. ಬಂದವರ ಕಡೆ ಇರುವವರಿಗೆ ಇಂಟರ್‌ನೆಟ್ ಸಿಗುತ್ತದೆ, ಆದರೆ ಮನೆಯವರ ಕಡೆ ಇರುವ ಯಾವುದನ್ನೂ ಮುಟ್ಟಲಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡು. ಇಷ್ಟು ಸುಲಭದ್ದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರ ಮೇಲೂ ಸಿಟ್ಟು ಬಂತು. ಆದರೂ ಮಾಡಿದೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖುಷಿಯಿಂದ ವಿವರಿಸಿದೆ. ಇನ್ನು ಮೇಲೆ ಯಾರು ಕೇಳಿದರೂ ಧಾರಾಳವಾಗಿ ಕೊಡು, ಆದರೆ ಇದನ್ನಲ್ಲ, ಅದನ್ನು ಕೊಡು.

ಅಮ್ಮ ಕೇಳಿಸಿಕೊಂಡಳು. ಅವಳ ಮುಖ ಬಿಗಿದುಕೊಂಡಿತು.

"ಮನೆಯೋರಿಗೆ ಒಂದು, ಬಂದೋರಿಗೆ ಒಂದಾ?"

"ಹೂಂ."

"ಅವರ್ದು ನಮ್ಮದನ್ನ ಮುಟ್ಟಬಾರದು?"

"ಮುಟ್ಟೋಕಾಗಲ್ಲ. ಅದೇ ಅದರ ಉಪಯೋಗ."

"ಹಾಗಾದ್ರೆ ನನಗೆ ಬೇಡ. ಆ ಕೆಲಸ ನಾನು ಮಾಡಲ್ಲ."

ಅಮ್ಮ ಹದಿನೈದನೇ ವಯಸ್ಸಿನಿಂದ ಕಂಟೋನ್ಮೆಂಟಿನ ದೊಡ್ಡ ಮನೆಗಳಲ್ಲಿ ಕೆಲಸ ಮಾಡಿದವಳು. ಆ ಮನೆಗಳ ಹಿತ್ತಲ ಕಿಟಕಿಯ ಮೇಲೆ ಅವಳಿಗೆಂದು ಒಂದು ಲೋಟ ಬೋರಲು ಹಾಕಿರುತ್ತಿದ್ದರು. ಅವಳ ಜಾತಿ ಗೊತ್ತಿದ್ದ ಮನೆಯಲ್ಲಿ ಅದು ಜಾತಿಗೆ, ಗೊತ್ತಿಲ್ಲದ ಮನೆಯಲ್ಲಿ ಅದು ಕೆಲಸದವಳು ಎಂಬುದಕ್ಕೆ. ಮೇಲಿಂದ ಕಾಫಿ ಸುರಿಯುತ್ತಿದ್ದರು, ಕುಡಿದು ತಾನೇ ತೊಳೆದು ಅಲ್ಲೇ ಬೋರಲು ಇಡಬೇಕು. ಆ ಮನೆಯ ಪಾತ್ರೆಯನ್ನೆಲ್ಲ ತೊಳೆಯುವ ಕೈ ಅದೇ, ಆದರೂ ಆ ಲೋಟ ಬೇರೆ ಲೋಟಗಳ ಜೊತೆ ಸೇರಬಾರದು. ನನ್ನನ್ನು ಓದಿಸಿದ್ದು ಆ ಮನೆಗಳ ಕೆಲಸದಿಂದಲೇ. ಈ ಬೀದಿಗೆ ಬಂದ ಮೊದಲ ದಿನ ಆಪಾ ತಮ್ಮ ಲೋಟದಲ್ಲೇ ಚಹಾ ಬಗ್ಗಿಸಿ ಕೊಟ್ಟದ್ದನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಇದೆಲ್ಲ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗಿದ್ದಕ್ಕೇ ಮೈ ಪರಚಿಕೊಳ್ಳುವ ಹಾಗಾಯಿತು. ಇದು ಲೋಟವಲ್ಲಮ್ಮ, ಗಾಳಿಯಲ್ಲಿ ಹೋಗುವ ಇಂಟರ್‌ನೆಟ್ಟು, ಇದರಲ್ಲಿ ಯಾರಿಗೂ ಅವಮಾನವಿಲ್ಲ ಎಂದೆ. ಅವಮಾನ ಆಗುವವರಿಗೆ ತಾನೇ ಗೊತ್ತಾಗುವುದು ಎಂದಳು. ನನ್ನ ಕೆಲಸ ಹೋದರೆ ಏನು ಮಾಡುತ್ತೀ ಎಂದು ಕಿರುಚಿದೆ. ನಿನ್ನ ಕೆಲಸ ಉಳಿಸೋಕೆ ಆಪಾಗೆ ಬೇರೆ ಲೋಟದಲ್ಲಿ ಕೊಡು ಅಂತೀಯಾ ಎಂದು ಅವಳೂ ಕಿರುಚಿದಳು.

ಚೆಕಿಂಗಿನ ದಿನ ಹತ್ತಿರ ಬರುತ್ತಿತ್ತು. ಅಮ್ಮನ ಜೊತೆ ವಾದ ಮಾಡಿ ಸುಸ್ತಾಗಿದ್ದೆ. ಒಂದು ಮಧ್ಯಾಹ್ನ, ಬಂದವರನ್ನು ಆ ಕಡೆ ಕಳಿಸಲು ಆಗದಿದ್ದರೆ ನಾನೇ ಆ ಕಡೆ ಹೋಗಬಹುದಲ್ಲ ಎಂದು ಹೊಳೆಯಿತು. ಬೀದಿಯವರೆಲ್ಲ ಮನೆಯವರ ವೈಫೈಯಲ್ಲಿ ಮೊದಲಿನಂತೆ ಹಾಯಾಗಿರಲಿ. ಅಮ್ಮನ ನಂಬರೇ ಪಾಸ್‌ವರ್ಡಾಗಿರಲಿ. ಗೆಸ್ಟ್ ವೈಫೈಗೆ ಯಾರಿಗೂ ಗೊತ್ತಿಲ್ಲದ ಪಾಸ್‌ವರ್ಡು ಇಟ್ಟು ನನ್ನ ಲ್ಯಾಪ್‌ಟಾಪನ್ನೂ ಫೋನನ್ನೂ ಅದರಲ್ಲಿ ಕೂರಿಸಿದೆ. ಕಳ್ಳ ಆ್ಯಪ್ ಇರುವ ಫೋನು ಈಗ ಎಷ್ಟು ಹುಡುಕಿದರೂ ಲ್ಯಾಪ್‌ಟಾಪ್ ಅದಕ್ಕೆ ಕಾಣಿಸುವುದಿಲ್ಲ. ಡಬ್ಬಿಯ ಪುಟ ತೆರೆಯುವ ಪಾಸ್‌ವರ್ಡನ್ನೂ ಬದಲಾಯಿಸಿದೆ. ಕೇಬಲ್‌ನವನ ಪಿನ್ನಿಗೆ ಹೆದರಿ ಡಬ್ಬಿಯ ಹಿಂದಿನ ತೂತಿಗೆ ಗಮ್ ಟೇಪು ಅಂಟಿಸಿದೆ.

ಆಫೀಸಿನವರು ಪರೀಕ್ಷೆ ಮಾಡಿದರು. "ಸೂಪರ್ ಮೇಡಂ, ಕ್ಲೀನ್ ಇದೆ," ಎಂದರು. ನನಗೆ ಅಳು ಬರುವಷ್ಟು ನಿರಾಳವಾಯಿತು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ನೋಡು, ಯಾರನ್ನೂ ಹೊರಗೆ ಹಾಕಲಿಲ್ಲ, ನಿನ್ನ ಮಾತೇ ಉಳಿಯಿತು, ಬಂದವರ ಜಾಗಕ್ಕೆ ನಾನೇ ಹೋದೆ ಎಂದೆ. ತಮಾಷೆ ಮಾಡಿದ್ದೇನೆ ಎಂದುಕೊಂಡಿದ್ದೆ. ಅಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು, ಮತ್ತೆ ತುರಿಯತೊಡಗಿದಳು. ಒಪ್ಪಿಕೊಂಡಳು ಎಂದು ನಾನು ಸಂತೋಷಪಟ್ಟೆ.

ಮರುದಿನ ಬೆಳಿಗ್ಗೆ ನಾನು ಕ್ಲೈಮು ನೋಡುತ್ತ ಕೂತಿದ್ದಾಗ ಅಮ್ಮ ಸೀರೆ ಬದಲಾಯಿಸಿಕೊಂಡು ಕೆಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದವಳು ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ನನ್ನ ಮೇಜಿನ ಪಕ್ಕ ನಿಂತಳು.

"ಎಲ್ಲರಿಗೂ ಹೇಳಿ ಬಂದೆ. ಆಪಾ ಮನೇಲಿ, ಹಿತ್ತಲಲ್ಲಿ, ಇಸ್ತ್ರಿಯೋರಿಗೆ. ನನ್ನ ಕಣ್ಣೆದುರಿಗೇ ಫೋನಿಂದ ತೆಗೆದ್ರು. ಇನ್ನು ಯಾರೂ ಇಲ್ಲ ಅದರಲ್ಲಿ. ನೀನೀಗ ಒಳಗೆ ಬಾ."

ನಾನು ಕುರ್ಚಿಯಿಂದ ಎದ್ದೆ.

"ಯಾರಮ್ಮ ನಿನಗೆ ಇದನ್ನ ಮಾಡು ಅಂದಿದ್ದು? ಎಲ್ಲ ಸರಿಹೋಗಿತ್ತಲ್ಲ!"

"ಏನು ಸರಿಹೋಗಿತ್ತು? ನಿನಗೆ ಆ ಲೋಟ ಬರಬಾರದು ಅಂತ ನಾನು ಅಷ್ಟು ವರ್ಷ ಅದನ್ನ ತೊಳೆದೆ. ನೀನು ನಿನ್ನ ಮನೇಲೇ ಹೋಗಿ ಅದನ್ನ ಎತ್ತಿಕೊಂಡಿದೀಯ. ನಗ್ತಾ ಬಂದು ಹೇಳ್ತೀಯ ಬೇರೆ."

"ಅಯ್ಯೋ ಅಮ್ಮ, ಅಲ್ಲಿರ್ಬೇಕಾಗಿರೋದು ನಾನಲ್ಲ. ಈ ಲ್ಯಾಪ್‌ಟಾಪು. ಇದು ನಮ್ಮದಲ್ಲ, ಕಂಪನಿದು. ಇದು ಆ ಕಡೆ ಇದ್ರೆ ಸಾಕು. ನನ್ನ ಫೋನು ಎಲ್ಲಿದ್ರೂ ನಡೆಯುತ್ತೆ."

ಅಮ್ಮ ಲ್ಯಾಪ್‌ಟಾಪನ್ನು ನೋಡಿದಳು, ನನ್ನನ್ನು ನೋಡಿದಳು.

"ಕಂಪನಿದಾ?"

"ಕಂಪನಿದು."

"ಕಂಪನಿದಾದ್ರೆ ಅದು ಹೊರಗಿರ್ಲಿ. ಅದಕ್ಕೇನು ಬೇಜಾರಾಗುತ್ತಾ? ಈ ಮಾತನ್ನ ನಿನ್ನೆ ಹೇಳೋಕೆ ಏನಾಗಿತ್ತು ನಿನಗೆ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಯಾವ ಮುಖ ಇಟ್ಕೊಂಡು ಹೋಗಿ ಮತ್ತೆ ತಗೊಳ್ಳಿ ಅನ್ಲಿ? ನೀನೇ ಹೋಗಿ ಕೊಟ್ಟು ಬಾ."

ನನ್ನ ಫೋನನ್ನು ಅವಳ ಎದುರಿಗೇ ಮನೆಯ ವೈಫೈಗೆ ಹಾಕಿದೆ. ಆಮೇಲೆ ಸೊಂಟ ಹಿಡಿದುಕೊಂಡು, ಅಮ್ಮನನ್ನೂ ಕೇಬಲ್‌ನವನನ್ನೂ ಕಂಪನಿಯನ್ನೂ ನನ್ನನ್ನೂ ಮನಸ್ಸಿನಲ್ಲೇ ಬೈದುಕೊಳ್ಳುತ್ತ ಕೆಳಗಿಳಿದೆ. ಆಪಾ ಬಾಗಿಲಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದರು. ಆಫೀಸಿನ ತೊಂದರೆ ಮುಗಿಯಿತು ಆಪಾ, ಪಾಸ್‌ವರ್ಡು ಮೊದಲಿನದೇ, ಫೋನು ಕೊಡಿ ಹಾಕಿಕೊಡುತ್ತೇನೆ ಎಂದೆ.

ಅವರು ಫೋನು ಕೊಡಲಿಲ್ಲ.

"ಬೇಡ ಬೇಟಿ."

"ನಿಜವಾಗ್ಲೂ ಏನೂ ತೊಂದರೆ ಇಲ್ಲ ಆಪಾ. ಅಮ್ಮನಿಗೆ ಸರಿಯಾಗಿ ಗೊತ್ತಿರ್ಲಿಲ್ಲ."

"ನಿಮ್ಮಮ್ಮ ಇಲ್ಲೇ, ಬಾಗಿಲಾಚೆ ನಿಂತಿದ್ರು. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ. ಆಪಾ, ನನ್ನ ಮಗಳಿಗೋಸ್ಕರ ಒಂದು ಕೇಳ್ತೀನಿ ಅಂದ್ರು." ಆಪಾ ಸೊಪ್ಪಿನ ಕಟ್ಟು ಕೆಳಗಿಟ್ಟರು. "ಇಷ್ಟು ವರ್ಷ ಆಯ್ತು ಬೇಟಿ, ಅವರು ನನ್ನತ್ರ ಏನೂ ಕೇಳಿದೋರಲ್ಲ. ಒಂದು ಚಿಟಿಕೆ ಉಪ್ಪು ಕೂಡ ಕೇಳಿಲ್ಲ. ಮೊದಲನೇ ಸಲ ಕೇಳಿದ್ರು, ನಾನು ಕೊಟ್ಟೆ. ಕೊಟ್ಟಿದ್ದನ್ನ ವಾಪಸ್ ಹೇಗೆ ತಗೊಳ್ಲಿ?"

ನಾನು ಇನ್ನೊಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ಇಷ್ಟು ದಿನ ಬಾಯಿ ಮುಚ್ಚಿಸಿದರೂ ನಿಲ್ಲದೆ ಬೀದಿ ತುಂಬ ಹರಿದಾಡಿದ ನಂಬರನ್ನು ಈಗ ನಾನೇ ಕೈಯಲ್ಲಿ ಹಿಡಿದು ನಿಂತರೂ ತೆಗೆದುಕೊಳ್ಳುವವರಿರಲಿಲ್ಲ. ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ.

ಮೇಲಿನ ಬಾಲ್ಕನಿಯಿಂದ ಅಮ್ಮ ಕೂಗಿದಳು.

"ಕೊಟ್ಯೇನೇ? ತಗೊಂಡ್ರಾ?"

ಆಪಾ ನನ್ನ ಮುಖ ನೋಡಿದರು.

"ಹೂಂ ಅಮ್ಮ," ಎಂದೆ. "ತಗೊಂಡ್ರು."